ಹನ್ಲೆಯ ಆಕಾಶ ಕೆಂಪಾದದ್ದು ಹೇಗೆ?

ಕೇಳುಗರಿಗೆ ನಮಸ್ಕಾರ.

2024ರ ಮೇ 10ರ ರಾತ್ರಿ ಲಡಾಖ್‌ನ ಹನ್ಲೆಯಲ್ಲಿ ಆಕಾಶ ಕೆಂಪಗಾಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರುವುದು ಅಲ್ಲೇ. ಆ ಬೆಳಕು ಅದರ ಕ್ಯಾಮೆರಾದಲ್ಲಿ ಸಿಕ್ಕಿತು. ಅದು ಧ್ರುವಪ್ರಭೆ, ಅಂದರೆ ಅರೋರಾ. ನಾರ್ವೆಯ ಚಿತ್ರಗಳಲ್ಲಿ ನಾವು ಜಾಸ್ತಿ ನೋಡುವುದು ಹಸಿರು, ಅಲ್ವಾ? ಹನ್ಲೆಗೆ ಮಾತ್ರ ಬರೀ ಕೆಂಪು ಯಾಕೆ?

ಎರಡೂ ಬಣ್ಣ ಆಮ್ಲಜನಕದ್ದೇ. ವೇಗವಾಗಿ ಬರುವ ಎಲೆಕ್ಟ್ರಾನ್ ಬಡಿದಾಗ ಆಮ್ಲಜನಕದ ಪರಮಾಣು ಒಂದಿಷ್ಟು ಶಕ್ತಿ ಪಡೆಯುತ್ತದೆ. ಆಮೇಲೆ ಅದನ್ನು ಬೆಳಕಾಗಿ ಬಿಡುತ್ತದೆ. ಹಸಿರು ಬೆಳಕಿಗೆ ಮುಕ್ಕಾಲು ಸೆಕೆಂಡ್ ಸಾಕು. ಕೆಂಪಿಗೆ ಹತ್ತಿರ ಹತ್ತಿರ ಎರಡು ನಿಮಿಷ ಬೇಕು. ಪರಮಾಣುವಿಗೆ ಅದೊಂದು ಯುಗ! ಅಷ್ಟರಲ್ಲಿ ಪಕ್ಕದ ಕಣ ಬಂದು ಗುದ್ದಿದರೆ ಶಕ್ತಿ ಅದರ ಪಾಲಾಗುತ್ತದೆ, ಬೆಳಕು ಹುಟ್ಟುವುದೇ ಇಲ್ಲ. ಹಾಗಾಗಿ ಹಸಿರು 100 ಕಿಲೋಮೀಟರ್‌ನಿಂದ ಶುರು. ಕೆಂಪು ಕಾಣುವುದು 200 ಕಿಲೋಮೀಟರ್ ದಾಟಿದ ಮೇಲೆ. ಅಲ್ಲಿ ಗಾಳಿ ತೀರಾ ತೆಳು, ಗುದ್ದುವವರು ಕಡಿಮೆ. ಹನ್ಲೆ ಧ್ರುವದಿಂದ ಬಹಳ ದೂರ, ಭೂಮಿಯೋ ದುಂಡು. ಅಷ್ಟು ದೂರದಿಂದ ಕಾಣುವಷ್ಟು ಎತ್ತರದಲ್ಲಿದ್ದದ್ದು ಕೆಂಪು ಮಾತ್ರ.

ಈ ಎಲೆಕ್ಟ್ರಾನ್‌ಗಳು ಸೂರ್ಯನಿಂದ ಹೊರಟು ನೇರ ಧ್ರುವಕ್ಕೆ ಬಂದು ಬೀಳುತ್ತವೆ ಎಂದು ಎಷ್ಟೋ ಕಡೆ ಓದುತ್ತೇವೆ. ನನಗೆ ಅದು ಅರ್ಧ ಕಥೆ ಅನಿಸುತ್ತದೆ. ಸೌರಮಾರುತ, ಅಂದರೆ ಸೂರ್ಯನಿಂದ ಸದಾ ಹೊರಡುವ ಕಣಗಳ ಹರಿವು, ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಬೀಸುತ್ತದೆ. ಬಿರುಗಾಳಿ ಎದ್ದರೆ ಇನ್ನೂ ಜಾಸ್ತಿ. ಅದು ಭೂಮಿಯ ಕಾಂತಕ್ಷೇತ್ರವನ್ನು ರಾತ್ರಿಯ ಕಡೆಗೆ ಉದ್ದನೆಯ ಬಾಲದಂತೆ ಎಳೆಯುತ್ತದೆ. ಎಳೆದೂ ಎಳೆದೂ ಬಾಲದಲ್ಲಿ ಕಾಂತರೇಖೆಗಳು ಕಡಿದು, ಮತ್ತೆ ಕೂಡಿಕೊಳ್ಳುತ್ತವೆ. ಆಗ ಕವಣೆಯ ರಬ್ಬರ್ ಬಿಟ್ಟ ಹಾಗೆ, ಕಣಗಳು ಭೂಮಿಯತ್ತ ಚಿಮ್ಮುತ್ತವೆ. ಭೂಮಿಯಿಂದ ಕೆಲವು ಸಾವಿರ ಕಿಲೋಮೀಟರ್ ಮೇಲೆ ಹುಟ್ಟುವ ವಿದ್ಯುತ್ ಕ್ಷೇತ್ರಗಳು ಎಲೆಕ್ಟ್ರಾನ್‌ಗಳನ್ನು ಇನ್ನಷ್ಟು ನೂಕುತ್ತವೆ. ಧ್ರುವದ ಸುತ್ತ ಕುಣಿಯುವ ಹೊಳಪಿನ ಪರದೆಗಳಿಗೆ ಕಾರಣ ಮುಖ್ಯವಾಗಿ ಈ ಕೊನೆಯ ನೂಕು.

ಸೂರ್ಯ ಸಿಡಿದಾಗಲೆಲ್ಲ ಇಷ್ಟೆಲ್ಲ ಆಗುವುದಿಲ್ಲ. ಸೌರಮಾರುತ ತನ್ನದೇ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಅದರ ಮುಖ ಉತ್ತರಕ್ಕಿದ್ದರೆ ಹೆಚ್ಚಿನ ಶಕ್ತಿ ಭೂಮಿಯ ಪಕ್ಕದಿಂದ ಜಾರಿ ಹೋಗುತ್ತದೆ. ದಕ್ಷಿಣಕ್ಕಿದ್ದರೆ ಭೂಮಿಯ ರೇಖೆಗಳ ಜೊತೆ ಬೆಸೆದುಕೊಂಡು ಬಾಗಿಲು ತೆರೆಯುತ್ತದೆ. ಆ ದಿಕ್ಕನ್ನು ದೂರದಿಂದ ಊಹಿಸುವುದು ಬಹಳ ಕಷ್ಟ, ಅಲ್ಲೇ ಹೋಗಿ ಅಳೆಯಬೇಕು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ನಮ್ಮ ಆದಿತ್ಯ-ಎಲ್1 ನೌಕೆಯ ಕಾಂತಮಾಪಕ ಮಾಡುತ್ತಿರುವ ಕೆಲಸ ಇದೇ. ಅಲ್ಲಿಂದ ಸೌರಮಾರುತ ನಮ್ಮನ್ನು ತಲುಪಲು ಸುಮಾರು ಒಂದು ಗಂಟೆ. ಬಿರುಗಾಳಿಯಾದರೆ ಅದಕ್ಕೂ ಕಡಿಮೆ.

ನಮಸ್ಕಾರ.