ಕಾಲಿಡದ ಕ್ಲಬ್ಬಿನ ನೆನಪು

ಸ್ನೇಹಿತರೇ,

ಹಳೆಯ ವಿಡಿಯೊ ಗೇಮ್‌ಗಳಲ್ಲಿದ್ದ ಟೆಕ್ನೊ, ಹೌಸ್, ಜಂಗಲ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತವನ್ನು ಇಂದಿಗೂ ಹುಡುಕಿಕೊಂಡು ಕೇಳುವವರಿದ್ದಾರೆ. ಅವರನ್ನು ಕಂಡರೆ ‘ಬಾಲ್ಯದ ಹಂಬಲ, ಇನ್ನೇನು’ ಎಂದು ತಳ್ಳಿಹಾಕುವವರೇ ಹೆಚ್ಚು. ಬರೀ ಬಾಲ್ಯದ ಹಂಬಲವಾಗಿದ್ದರೆ ಆ ಕಾಲದ ಎಲ್ಲ ಗೇಮ್‌ಗಳ ಸಂಗೀತವೂ ಅಷ್ಟೇ ಕಾಡಬೇಕಿತ್ತು. ಕಾಡುವುದಿಲ್ಲ. ಆರ್ಕೆಸ್ಟ್ರಾವನ್ನು ಅನುಕರಿಸಲು ಹೊರಟ ಎಷ್ಟೋ ಹಳೆಯ ಗೇಮ್‌ಗಳು ಇಂದು ಪೇಲವವಾಗಿ ಕೇಳಿಸುತ್ತವೆ. ಕುಣಿತದ ಸಂಗೀತಕ್ಕೆ ಮಾತ್ರ ಮುಪ್ಪು ಅಡರಿಲ್ಲ. ಇದರ ಕಾರಣ ಅರ್ಧ ನೆನಪಿನಲ್ಲಿದೆ, ಅರ್ಧ ಯಂತ್ರದಲ್ಲಿದೆ ಎಂಬುದು ನನ್ನ ವಾದ.

ಯಂತ್ರದಿಂದಲೇ ಆರಂಭಿಸುತ್ತೇನೆ. ಸೆಗಾ ಕಂಪನಿಯ ಮೆಗಾ ಡ್ರೈವ್ ಎಂಬ ಗೇಮ್ ಯಂತ್ರದಲ್ಲಿ ಸಂಗೀತಕ್ಕೆಂದು ಇದ್ದದ್ದು ಯಮಹಾದ ವೈಎಂ2612 ಎಂಬ ಚಿಪ್. ಅದಕ್ಕೆ ಆರು ಚಾನೆಲ್, ಅಂದರೆ ಒಮ್ಮೆಗೆ ಆರು ದನಿ. ಪಿಟೀಲಿನ ದನಿ ಬೇಕೆಂದರೆ ಕೀರಲು ಶಬ್ದ ಹೊರಡಿಸುತ್ತಿತ್ತು. ಲೋಹದ ಗಡಸಿರುವ ಬೇಸ್ ಬೇಕೆಂದರೆ ಅದಕ್ಕೆ ಸಾಟಿಯೇ ಇರಲಿಲ್ಲ. ರೆಕಾರ್ಡ್ ಮಾಡಿದ ಡ್ರಮ್ ಶಬ್ದ ನುಡಿಸಬೇಕಾದರೆ ಆರನೆಯ ಚಾನೆಲ್ಲನ್ನು ಬಿಟ್ಟುಕೊಡಬೇಕಿತ್ತು. ಪ್ರೋಗ್ರಾಮಿಂಗ್‌ನಲ್ಲಿ ಸರ್ಕಸ್ ಮಾಡದ ಹೊರತು ಒಮ್ಮೆಗೆ ಒಂದೇ ಪೆಟ್ಟು. ಮುಂದಿನದು ಬಿದ್ದ ಕ್ಷಣ ಹಿಂದಿನದರ ಬಾಲ ಕತ್ತರಿಸಿಹೋಗುತ್ತಿತ್ತು. ಸಿಂಫನಿಗೆ ಇದು ಶಾಪ, ಬೇಸ್ ಮತ್ತು ಪೆಟ್ಟೇ ಜೀವಾಳವಾದ ಹೌಸ್ ಸಂಗೀತಕ್ಕೆ ವರ. ಜಪಾನಿನ ಗೇಮ್ ಸಂಗೀತಕಾರ ಯುಝೊ ಕೊಶಿರೊ ಇದನ್ನು ಚೆನ್ನಾಗಿ ಅರಿತಿದ್ದರು. ಟೋಕಿಯೊದ ಕ್ಲಬ್‌ಗಳಲ್ಲಿ ಕೇಳಿದ್ದನ್ನು ಅವರು ಎನ್ಇಸಿ ಕಂಪನಿಯ ಪಿಸಿ-88 ಕಂಪ್ಯೂಟರಿನಲ್ಲಿ ಕೋಡ್ ಬರೆದು ಈ ಚಿಪ್ಪಿಗೆ ಇಳಿಸಿದರು. 1991 ಮತ್ತು 1992ರಲ್ಲಿ ಬಂದ ಮೊದಲೆರಡು ‘ಸ್ಟ್ರೀಟ್ಸ್ ಆಫ್ ರೇಜ್’ ಗೇಮ್‌ಗಳು ಅದರ ಫಲ.

ಪ್ಲೇಸ್ಟೇಷನ್‌ನದೂ ಇಂಥದೇ ಕಥೆ. ಅದರ ಧ್ವನಿಗೆಂದೇ ಮೀಸಲಾದ ಮೆಮೊರಿ 512 ಕಿಲೊಬೈಟ್. ಆದರೆ ಜಂಗಲ್ ಸಂಗೀತ ಹುಟ್ಟಿದ್ದೇ ಕೆಲವು ಸೆಕೆಂಡುಗಳ ಡ್ರಮ್ ತುಣುಕನ್ನು ಚೂರು ಮಾಡಿ, ಚೂರುಗಳನ್ನು ಅದಲುಬದಲು ಜೋಡಿಸುವುದರಿಂದ. ಬಡ ಮೆಮೊರಿಗೆ ಇದಕ್ಕಿಂತ ಹೇಳಿ ಮಾಡಿಸಿದ ಸಂಗೀತ ಯಾವುದಿತ್ತು? 1999ರ ‘ಏಪ್ ಎಸ್ಕೇಪ್’ಗೆ ಸಂಗೀತ ಕೊಟ್ಟ ಸೊಯಿಚಿ ತೆರಾದಾ ಹೊರಗಿನಿಂದ ಬಂದ ಕುತೂಹಲಿಯಲ್ಲ, ಅಸಲಿ ಹೌಸ್ ನಿರ್ಮಾಪಕ. ಕೋತಿ ಹಿಡಿಯುವ ಮಕ್ಕಳ ಆಟಕ್ಕೆ ಜಂಗಲ್‌ನ ಬಳಗದ್ದೇ ಆದ ಡ್ರಮ್ ಆ್ಯಂಡ್ ಬೇಸ್! ಯಾರಿಗೂ ಅದು ವಿಚಿತ್ರ ಎನ್ನಿಸಲಿಲ್ಲ ಎಂಬುದೇ ಆ ದಶಕದ ಗುಣ.

ಇನ್ನು ನೆನಪಿನ ಅರ್ಧ. 1994ರಲ್ಲಿ ಬ್ರಿಟನ್ ಒಂದು ಕಾನೂನು ತಂದಿತು. ರಾತ್ರಿ ಹೊತ್ತು ಬಯಲಿನಲ್ಲಿ ನೂರು ಜನ ಸೇರಿ ಜೋರಾಗಿ ಸಂಗೀತ ನುಡಿಸಿದರೆ ಚದುರಿಸುವ ಅಧಿಕಾರ ಪೊಲೀಸರಿಗೆ ಸಿಕ್ಕಿತು. ಯಾವ ಸಂಗೀತ ಎಂಬುದನ್ನೂ ಕಾನೂನು ಬಿಡಿಸಿ ಹೇಳಿತ್ತು: ಒಂದರ ಹಿಂದೊಂದು ಮರುಕಳಿಸುವ ಪೆಟ್ಟುಗಳೇ ಪ್ರಧಾನವಾದದ್ದೂ ಅದರಲ್ಲಿ ಸೇರಿತ್ತು. ಮರುವರ್ಷವೇ ಲಿವರ್‌ಪೂಲ್‌ನ ಸಿಗ್ನೋಸಿಸ್ ಕಂಪನಿಯ ‘ವೈಪ್‌ಔಟ್’ ಎಂಬ ರೇಸಿಂಗ್ ಗೇಮ್ ಪ್ಲೇಸ್ಟೇಷನ್‌ಗೆ ಬಂತು. ಅಮಿಗಾ ಕಂಪ್ಯೂಟರಿನ ಗೇಮ್‌ಗಳಿಂದ ಬಂದ ಟಿಮ್ ರೈಟ್ ಅವರ ಸಂಗೀತದ ಜೊತೆಗೆ ಯುರೋಪಿನ ಆವೃತ್ತಿಯಲ್ಲಿ ಆರ್ಬಿಟಲ್, ಲೆಫ್ಟ್‌ಫೀಲ್ಡ್, ಕೆಮಿಕಲ್ ಬ್ರದರ್ಸ್ ಎಂಬ ಎಲೆಕ್ಟ್ರಾನಿಕ್ ಸಂಗೀತದ ತಂಡಗಳೂ ಇದ್ದವು. ಬಯಲಿನಿಂದ ಅಟ್ಟಿಸಿಕೊಂಡ ಪೆಟ್ಟು ಮನೆಯ ಟಿವಿಯೊಳಗೆ ರಾಜಾರೋಷವಾಗಿ ಬಂದು ಕುಳಿತಿತು. ಆಡಿದವರಲ್ಲಿ ಎಷ್ಟೋ ಮಂದಿಗೆ ಕ್ಲಬ್ಬಿನ ಬಾಗಿಲು ದಾಟುವ ವಯಸ್ಸೇ ಆಗಿರಲಿಲ್ಲ. ಇಂದು ಅವರು ಹಂಬಲಿಸುತ್ತಿರುವುದು ತಾವು ಎಂದೂ ಕಾಲಿಡದ ಕುಣಿತದ ಅಂಗಳಕ್ಕಾಗಿ. ಆ ಗೇಮ್‌ನ ಡಿಸ್ಕನ್ನು ಸಿಡಿ ಪ್ಲೇಯರಿಗೆ ಹಾಕಿ, ದತ್ತಾಂಶವಿದ್ದ ಮೊದಲ ಟ್ರ್ಯಾಕ್ ದಾಟಿಸಿದರೆ ಹಾಡುಗಳು ಕೇಳುತ್ತಿದ್ದವು ಎಂಬುದನ್ನೂ ಮರೆಯಬಾರದು.

ಇನ್ನೊಂದು ಮಾತು. ಕ್ಲಬ್ಬಿನಲ್ಲಿ ಹಾಡು ಒಮ್ಮೆ ಬಂದು ಹೋಗುತ್ತದೆ. ಗೇಮ್‌ನಲ್ಲಿ ಹಾಗಲ್ಲ. ಸೋತಾಗಲೆಲ್ಲ ಮತ್ತೆ ಅದೇ ಹಂತ, ಮತ್ತೆ ಅದೇ ಹಾಡು. ಹೀಗಾಗಿ ಕಷ್ಟದ ಹಂತದ ಹಾಡೇ ಹೆಚ್ಚು ಬಾಯಿಪಾಠ. ಜಾಣ ಆಟಗಾರರು ಒಳ್ಳೆಯ ಹಾಡುಗಳನ್ನು ಅರ್ಧಕ್ಕೇ ಕಳೆದುಕೊಂಡರು ಎಂದು ನನಗೆ ಆಗಾಗ ಅನ್ನಿಸುತ್ತದೆ.

2020ರಲ್ಲಿ ಬಂದ ‘ಸ್ಟ್ರೀಟ್ಸ್ ಆಫ್ ರೇಜ್ 4’ರಲ್ಲಿ ಹೊಸ ಸಂಗೀತದ ಬದಲು ಹಳೆಯದನ್ನು ಆರಿಸಿಕೊಳ್ಳುವ ಸೌಲಭ್ಯವಿದೆ. ಹೊಸದರಲ್ಲಿ ಕೊಶಿರೊ ಅವರ ಕೈಚಳಕವೂ ಇದೆ, ಅದು ಸೊಗಸಾಗಿಯೂ ಇದೆ. ಆದರೂ ನಾನು ಹಳೆಯದನ್ನೇ ಆರಿಸುತ್ತೇನೆ. 1992ರ ಒಂದು ತುಣುಕನ್ನು ಈಗ ಕೇಳಿಸುತ್ತೇನೆ. ರಾಗವನ್ನು ಬಿಡಿ, ಡ್ರಮ್ಮಿನ ಪೆಟ್ಟು ಎಲ್ಲಿ ಥಟ್ಟನೆ ಕತ್ತರಿಸಿಹೋಗುತ್ತದೆ ಎಂಬುದನ್ನಷ್ಟೇ ಆಲಿಸಿ. ಆಮೇಲೆ ನಿಮ್ಮ ಪ್ರಶ್ನೆಗಳಿಗೆ ಬರೋಣ.