ಸಂಧಿ ಬಲ್ಲವರಿಗೆ ಫ್ರೆಂಚ್

ಕೇಳುಗರೇ, ನಮಸ್ಕಾರ.

ನಾನು ಫ್ರೆಂಚ್ ಕಲಿಯಲು ಕೂತ ಮೊದಲ ದಿನ ಬೋರ್ಡಿನ ಮೇಲೆ ಆರು ಅಕ್ಷರಗಳ ಒಂದು ಪದವಿತ್ತು. ಓ, ಐ, ಎಸ್, ಇ, ಎ, ಯು. ಓದಿ ಎಂದರು ಮೇಡಂ. ಕನ್ನಡ ಓದಿ ಬೆಳೆದವರು ಹೇಗೆ ಓದುತ್ತಾರೋ ಹಾಗೆ, ಕಂಡ ಅಕ್ಷರವನ್ನೆಲ್ಲ ಕೂಡಿಸಿ 'ಓಯ್ಸಿಯೂ' ಎಂದೆ. ಅವರು ತಪ್ಪು ಎನ್ನಲಿಲ್ಲ. ಬೋರ್ಡನ್ನು ಒರೆಸಿ, ನಮ್ಮ ಕಡೆ ತಿರುಗಿ, ನಿಧಾನವಾಗಿ ಹೇಳಿದರು: 'ವಾಝೊ'. ವಾಝೊ ಎಂದರೆ ಹಕ್ಕಿ. ಐದೂ ಸ್ವರಾಕ್ಷರಗಳು ಆ ಪದದಲ್ಲಿವೆ; ಬಾಯಿಂದ ಬರುವುದು ಮಾತ್ರ ಎರಡೇ ತುಣುಕು, ವಾ ಮತ್ತು ಝೊ.

ಅವತ್ತು ಅವರು ಬೋರ್ಡು ಒರೆಸಿದ್ದೇ ನನಗೆ ಸಿಕ್ಕ ದೊಡ್ಡ ಪಾಠ. ಹೊಸದಾಗಿ ಫ್ರೆಂಚ್ ಕಲಿಯುವವರಿಗೆ ನಾನು ಹೇಳುವುದೂ ಅದನ್ನೇ. ಮೊದಲ ಎರಡು ಮೂರು ವಾರ ಪುಸ್ತಕ ಮುಚ್ಚಿಡಿ. ಮೊದಲು ಕೇಳಿ, ಕೇಳಿದ್ದನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಅದನ್ನು ಹೇಗೆ ಬರೆಯುತ್ತಾರೆ ಎಂದು ನೋಡಿ. ಮೊದಲೇ ನೋಡಿಬಿಟ್ಟರೆ ಕಣ್ಣು ಕಿವಿಯ ಬಾಯಿ ಮುಚ್ಚಿಸುತ್ತದೆ.

ಫ್ರೆಂಚರು ಹೇಳದ ಅಕ್ಷರಗಳನ್ನು ಬರೆಯುವುದೇಕೆ? ಮಾತು ಬದಲಾಗುತ್ತಾ ಹೋಯಿತು, ಬರಹ ಹಿಂದೆಯೇ ಉಳಿಯಿತು. 1635ರಲ್ಲಿ ಸ್ಥಾಪನೆಯಾದ ಫ್ರೆಂಚ್ ಅಕಾಡೆಮಿ 1694ರಲ್ಲಿ ತನ್ನ ಮೊದಲ ನಿಘಂಟನ್ನು ಹೊರತಂದಾಗ, ಪದದ ಲ್ಯಾಟಿನ್ ಮೂಲ ಕಾಣಿಸುವಂಥ ಹಳೆಯ ಬರಹವನ್ನೇ ಎತ್ತಿಹಿಡಿಯಿತು. ಕಾಲ ಎನ್ನುವುದಕ್ಕೆ ಫ್ರೆಂಚ್‌ನಲ್ಲಿ 'ತಾಂ' ಅನ್ನುತ್ತಾರೆ. ಬರೆಯುವುದು ಟಿ, ಇ, ಎಂ, ಪಿ, ಎಸ್. ಆ ಪಿ ಮತ್ತು ಎಸ್ ಲ್ಯಾಟಿನ್ನಿನ 'ತೆಂಪುಸ್' ಬಿಟ್ಟುಹೋದ ಹೆಜ್ಜೆ ಗುರುತು. ಇದು ತಿಳಿದ ಮೇಲೆ ಆ ಮೂಕ ಅಕ್ಷರಗಳ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ.

ಇನ್ನು ಕನ್ನಡಿಗರಿಗೆ ಹುಟ್ಟಿನಿಂದಲೇ ಕೈಗೆ ಬಂದಿರುವ ಅನುಕೂಲಗಳನ್ನು ಹೇಳುತ್ತೇನೆ. ಫ್ರೆಂಚ್‌ನ ಟಿ ಮತ್ತು ಡಿ ನಮ್ಮ ತ ಮತ್ತು ದ. ನಾಲಿಗೆ ಹಲ್ಲಿಗೆ ತಾಗಬೇಕು. ಮೇಜಿಗೆ 'ತಾಬ್ಲ್', ಟೇಬಲ್ ಅಲ್ಲ. ಪ ಮತ್ತು ಕ ಕೂಡ ನಮ್ಮವೇ, ಉಸಿರು ಬೆರೆಯದ ಅಲ್ಪಪ್ರಾಣಗಳು. ಇಂಗ್ಲಿಷ್ ಮಾತೃಭಾಷೆಯವರು ಇದಕ್ಕಾಗಿ ತುಂಬ ತಿಣುಕುತ್ತಾರೆ. ನಾವು ಮಾಡಬೇಕಾದದ್ದು ಇಷ್ಟೇ: ಶಾಲೆಯಲ್ಲಿ ಕಲಿತ ಇಂಗ್ಲಿಷಿನ ಟಕಾರವನ್ನು ಫ್ರೆಂಚ್‌ಗೆ ಹೊತ್ತು ತರಬಾರದು.

ಕಷ್ಟದ ಧ್ವನಿಗಳೂ ಇವೆ. ಒಂದನ್ನು ಈಗಲೇ ಕೂತಲ್ಲೇ ಮಾಡಿ ನೋಡಬಹುದು. 'ಈ' ಎನ್ನಿ. ನಾಲಿಗೆ ಅಲ್ಲಾಡದಿರಲಿ. ಹಾಗೇ ಎಳೆಯುತ್ತಾ ತುಟಿಗಳನ್ನು ಮಾತ್ರ 'ಊ' ಎನ್ನುವ ಹಾಗೆ ದುಂಡಗೆ ಮಾಡಿ. ಹೊರಬಂದದ್ದು ಈ ಅಲ್ಲ, ಊ ಅಲ್ಲ. ಅದೇ ಫ್ರೆಂಚ್‌ನ ಯು. ನಮ್ಮ ವರ್ಣಮಾಲೆಯಲ್ಲಿ ಇದಕ್ಕೆ ಅಕ್ಷರವಿಲ್ಲ. ಆದರೆ ಬಿಡುವ ಹಾಗಿಲ್ಲ. 'ದಸೂ' ಎಂದು ನಮ್ಮ ಊಕಾರದಲ್ಲಿ ಹೇಳಿದರೆ 'ಕೆಳಗೆ' ಎಂದರ್ಥ. ಅದೇ ಪದದ ಕೊನೆಗೆ ಈ ಹೊಸ ಸ್ವರ ಹಾಕಿದರೆ 'ಮೇಲೆ' ಎಂದಾಗುತ್ತದೆ!

ಎರಡನೆಯದು ಮೂಗಿನ ಸ್ವರಗಳು. ನಮಗೆ ಅನುಸ್ವಾರ ಗೊತ್ತಿದೆ ಎಂಬ ಧೈರ್ಯ ಇಲ್ಲಿ ಮೋಸ ಮಾಡುತ್ತದೆ. 'ಬೊಂಬೆ' ಎನ್ನುವಾಗ ನಮ್ಮ ತುಟಿಗಳು ಸೇರುತ್ತವೆ. ಫ್ರೆಂಚ್‌ನಲ್ಲಿ ಒಳ್ಳೆಯದು ಎನ್ನಲು 'ಬೊಂ' ಎನ್ನುವಾಗ ತುಟಿ ಸೇರಬಾರದು, ನಾಲಿಗೆ ಎಲ್ಲೂ ತಾಗಬಾರದು; ಸ್ವರವೇ ಮೂಗಿನಲ್ಲಿ ಕರಗಬೇಕು. ಕನ್ನಡಿಯ ಮುಂದೆ ನಿಂತು ಹೇಳಿ. ಕೊನೆಯಲ್ಲಿ ತುಟಿ ಮುಚ್ಚಿಕೊಂಡರೆ ಅದು ನಮ್ಮ ಮಕಾರ. ಬಾಯಿ ತೆರೆದೇ ಇದ್ದು, ಮೂಗು ಹಿಡಿದಾಗ ಸದ್ದು ಕಟ್ಟಿಕೊಂಡ ಹಾಗೆ ಆದರೆ, ಬಂತು ಎಂದೇ ಲೆಕ್ಕ.

ಈಗ ನನಗೆ ಅತಿ ಪ್ರಿಯವಾದ ವಿಷಯಕ್ಕೆ ಬರುತ್ತೇನೆ.

ಫ್ರೆಂಚರು ಮಾತಾಡುವಾಗ ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ. ಹೊಸಬರು ಎದೆಗುಂದುವುದು ಇಲ್ಲೇ. ನಾನೂ ಕೆಲವು ತಿಂಗಳು ಕಂಗೆಟ್ಟಿದ್ದೆ. ಆಮೇಲೆ ಒಂದು ದಿನ ಹೊಳೆಯಿತು: ಇದು ನಮ್ಮ ಸಂಧಿಯಲ್ಲವೇ! ಲೋಪ, ಆಗಮ, ಆದೇಶ ಮೂರಕ್ಕೂ ಇಲ್ಲಿ ಉದಾಹರಣೆ ಸಿಗುತ್ತದೆ.

ಮಾತು, ಇಲ್ಲ, ಕೂಡಿದರೆ ಮಾತಿಲ್ಲ. ಉಕಾರ ಲೋಪವಾಯಿತು. ಫ್ರೆಂಚ್‌ನಲ್ಲಿ ಗೆಳೆಯನಿಗೆ 'ಆಮಿ'. ಅದರ ಹಿಂದೆ ಇಂಗ್ಲಿಷಿನ 'ದಿ'ಯಂಥ 'ಲ' ಎಂಬ ಗುರುತುಪದ ಬಂದರೆ 'ಲಾಮಿ' ಆಗುತ್ತದೆ. ಬಿದ್ದುಹೋದ ಸ್ವರದ ಜಾಗದಲ್ಲಿ ಅವರು ಒಂದು ಮೇಲ್ಚುಕ್ಕೆ ಇಡುತ್ತಾರೆ, ಅಷ್ಟೇ ವ್ಯತ್ಯಾಸ. ಮನೆ, ಅನ್ನು, ಕೂಡಿದರೆ ಮನೆಯನ್ನು. ಎರಡು ಸ್ವರ ಡಿಕ್ಕಿ ಹೊಡೆಯದಂತೆ ಯಕಾರ ಬಂದು ನಿಂತಿತು. ಅವರಲ್ಲಿ 'ಇಲ್ ಆ' ಎಂದರೆ ಅವನ ಬಳಿ ಇದೆ. ಅದನ್ನೇ ತಿರುಗಿಸಿ ಪ್ರಶ್ನೆ ಕೇಳಿದರೆ 'ಆ ಇಲ್' ಆಗಬೇಕು. ಆದರೆ ನಡುವೆ ತಕಾರ ಬಂದು 'ಆತಿಲ್' ಆಗುತ್ತದೆ. ಇದು ಆಗಮವಲ್ಲದೆ ಮತ್ತೇನು?

ಆದೇಶ ಇನ್ನೂ ಸೊಗಸು. ಮಳೆ, ಕಾಲ, ಕೂಡಿದರೆ ಮಳೆಗಾಲ. ಕಕಾರ ಹೋಗಿ ಗಕಾರ ಬಂತು. ಫ್ರೆಂಚ್‌ನಲ್ಲಿ ದೊಡ್ಡ ಎನ್ನುವುದಕ್ಕೆ 'ಗ್ರಾಂ'. ಕೊನೆಗೆ ಬರೆಯುವ ಡಿ ಮೂಕ. ಮುಂದೆ ಆಮಿ ಬಂದ ತಕ್ಷಣ ಅದಕ್ಕೆ ಬಾಯಿ ಬರುತ್ತದೆ, ಅದೂ ದಕಾರವಾಗಿ ಅಲ್ಲ, ತಕಾರವಾಗಿ: 'ಗ್ರಾಂತಾಮಿ'. ಬಹುವಚನದ 'ಲೆ' ಎಂಬ ಪದದ ಕೊನೆಯ ಎಸ್ ಕೂಡ ಮೂಕವೇ. 'ಲೆ ಲೀವ್ರ್' ಎಂದರೆ ಪುಸ್ತಕಗಳು, ಎಸ್ ಕೇಳಿಸದು. ಮುಂದೆ ಸ್ವರ ಬಂದರೆ 'ಲೆಝಾಮಿ', ಗೆಳೆಯರು.

ಇದನ್ನು ಅಲಂಕಾರ ಎಂದುಕೊಳ್ಳಬೇಡಿ. 'ಇಲ್ ಸೊಂ' ಎಂದರೆ ಅವರು ಇದ್ದಾರೆ. 'ಇಲ್ ಝೊಂ' ಎಂದರೆ ಅವರ ಬಳಿ ಇದೆ. ಒಂದೇ ವ್ಯಂಜನ ವಾಕ್ಯದ ಅರ್ಥವನ್ನೇ ತಿರುಗಿಸಿತು. ಸಂಧಿ ಮಾಡಬಾರದ ಕಡೆಗಳೂ ಇವೆ. ನಮ್ಮಲ್ಲಿ ಪ್ರಕೃತಿಭಾವ ಎನ್ನುತ್ತೇವಲ್ಲ, ಹಾಗೆ. ವೀರರು ಎನ್ನಲು 'ಲೆ ಎರೊ' ಎಂದು ಬಿಡಿಸಿಯೇ ಹೇಳಬೇಕು. ಕೂಡಿಸಿ 'ಲೆಝೆರೊ' ಎಂದರೆ ವೀರರೆಲ್ಲ ಸೊನ್ನೆಗಳಾಗುತ್ತಾರೆ, ಏಕೆಂದರೆ 'ಝೆರೊ' ಎಂದರೆ ಸೊನ್ನೆ.

ಕ್ರಿಯಾಪದದ ಬಗ್ಗೆ ಒಂದು ಮಾತು. ಕನ್ನಡದಲ್ಲಿ 'ಬಂದೆ' ಎಂದರೆ ಸಾಕು, ಬಂದದ್ದು ನಾನು ಎಂದು ತಿಳಿಯುತ್ತದೆ. ಫ್ರೆಂಚ್‌ನಲ್ಲಿ ಮಾತಾಡು ಎಂಬ ಕ್ರಿಯೆಗೆ ನಾನು, ನೀನು, ಅವನು, ಅವರು, ಈ ನಾಲ್ಕಕ್ಕೂ ಕಿವಿಗೆ ಕೇಳುವುದು 'ಪಾರ್ಲ್' ಒಂದೇ. ಬರಹದಲ್ಲಿ ಕೊನೆ ಬೇರೆ ಬೇರೆಯಾದರೂ ಮಾತಿನಲ್ಲಿ ಆ ಪ್ರತ್ಯಯಗಳು ಸವೆದುಹೋಗಿವೆ. ಅದಕ್ಕೇ ಸರ್ವನಾಮವನ್ನು ಬಿಡುವಂತಿಲ್ಲ. 'ಝ ಪಾರ್ಲ್', 'ಇಲ್ ಪಾರ್ಲ್' ಎನ್ನಲೇಬೇಕು. ನೀನು, ನೀವು ಎಂಬ ಭೇದ ಅವರಲ್ಲೂ ಇದೆ. ಯಾರನ್ನು ಹೇಗೆ ಕರೆಯಬೇಕು ಎಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಲಿಂಗ ಮಾತ್ರ ನಿಜಕ್ಕೂ ಹೊರೆ. ನಮಗೆ ಮೇಜು, ಪುಸ್ತಕ ಎಲ್ಲವೂ 'ಅದು'. ಅವರಿಗೆ ಮೇಜು ಹೆಣ್ಣು, ಪುಸ್ತಕ ಗಂಡು. ಹಾಗಾಗಿ 'ತಾಬ್ಲ್' ಎಂದು ಬರೀ ಪದ ಕಲಿಯಬೇಡಿ. 'ಲಾ ತಾಬ್ಲ್' ಎಂದೇ ಬಾಯಿಪಾಠವಾಗಲಿ. 'ಲ ಲೀವ್ರ್' ಪುಸ್ತಕ. ಅದೇ 'ಲಾ ಲೀವ್ರ್' ಎಂದು ಎಳೆದಿರೋ, ಅರ್ಧ ಕಿಲೋ ತೂಕ.

ಎಣಿಕೆಯಲ್ಲಿ ಅರವತ್ತರ ತನಕ ದಾರಿ ನೇರ. ಎಪ್ಪತ್ತು ಎಂದರೆ ಅರವತ್ತು ಹತ್ತು, ಎಂಬತ್ತು ಎಂದರೆ ನಾಲ್ಕು ಇಪ್ಪತ್ತು, ತೊಂಬತ್ತೊಂಬತ್ತು ಎಂದರೆ ನಾಲ್ಕು ಇಪ್ಪತ್ತು ಹತ್ತೊಂಬತ್ತು. ಇಪ್ಪತ್ತರ ಕಟ್ಟಿನಲ್ಲಿ ಎಣಿಸುವ ಹಳೆಯ ರೂಢಿ ಇದು. 13ನೇ ಶತಮಾನದಲ್ಲಿ ದೊರೆ ಒಂಬತ್ತನೇ ಲೂಯಿ ಮುನ್ನೂರು ಮಂದಿ ಕುರುಡರಿಗಾಗಿ ಪ್ಯಾರಿಸಿನಲ್ಲಿ ಕಟ್ಟಿಸಿದ ಆಸ್ಪತ್ರೆಗೆ ಇವತ್ತಿಗೂ 'ಹದಿನೈದು ಇಪ್ಪತ್ತು' ಎಂದೇ ಹೆಸರು. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಷಿಕರು ಎಪ್ಪತ್ತಕ್ಕೆ 'ಸೆಪ್ತಾಂತ್', ತೊಂಬತ್ತಕ್ಕೆ 'ನೊನಾಂತ್' ಎಂದು ಸರಳವಾಗಿ ಮುಗಿಸುತ್ತಾರೆ.

ಕೊನೆಗೆ, ದಿನಾ ಏನು ಮಾಡಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಉಕ್ತಲೇಖನ. ಫ್ರಾನ್ಸಿನ ಶಾಲೆಗಳಲ್ಲೂ ಮಕ್ಕಳು ಇದನ್ನೇ ಬರೆಯುತ್ತಾರೆ. ಫ್ರಾನ್ಸಿನ ಅಂತರರಾಷ್ಟ್ರೀಯ ರೇಡಿಯೋ ಆರ್.ಎಫ್.ಐ. ಕಲಿಯುವವರಿಗಾಗಿಯೇ ಸುಲಭ ಫ್ರೆಂಚ್‌ನಲ್ಲಿ ಸುದ್ದಿ ಓದುತ್ತದೆ, ಓದಿದ್ದರ ಪಠ್ಯವನ್ನೂ ಕೊಡುತ್ತದೆ. ಆರಂಭದಲ್ಲಿ ಒಂದೇ ವಾಕ್ಯ ಸಾಕು. ಮೂರು ಸಲ ಕೇಳಿ, ಕೇಳಿಸಿದ್ದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ, ಸಂಧಿ ಬಿಡಿಸಿ, ಆಮೇಲೆ ಪಠ್ಯದ ಜೊತೆ ಹೋಲಿಸಿ.

ಈಗ ಒಂದು ವಾಕ್ಯ ಹೇಳುತ್ತೇನೆ, ಪೆನ್ನು ತೆಗೆದುಕೊಳ್ಳಿ. 'ಲೆಝಾಂಫಾಂ ಸೊಂತಾರಿವೆ.' ಇನ್ನೊಮ್ಮೆ: 'ಲೆಝಾಂಫಾಂ ಸೊಂತಾರಿವೆ.' ಲೆ, ಆಂಫಾಂ, ಸೊಂ, ಆರಿವೆ. ನಡುವೆ ಒಂದು ಝಕಾರ, ಒಂದು ತಕಾರ. ಮಕ್ಕಳು ಬಂದಿದ್ದಾರೆ.

ನಮಸ್ಕಾರ.