ಅವರು ಈಗ ಅವರಲ್ಲ ಅನ್ನುವ ಮಾತು

ಎಲ್ಲರಿಗೂ ನಮಸ್ಕಾರ.

ನಾನು 26 ವರ್ಷ ನರ್ಸ್ ಆಗಿದ್ದವಳು. ಹೆಚ್ಚಿನ ಕಾಲ ಐಸಿಯುನಲ್ಲಿ, ಸ್ವಲ್ಪ ಕಾಲ ಸೋಂಕು ರೋಗಗಳ ವಾರ್ಡಿನಲ್ಲಿ ಕೆಲಸ ಮಾಡಿದೆ. ಜಾಂಬಿ ಕತೆಗಳ ಬಗ್ಗೆ, ಅಂದರೆ ಸತ್ತವರು ಎದ್ದು ಬಂದು ಕಚ್ಚುವ, ಕಚ್ಚಿಸಿಕೊಂಡವರೂ ಹಾಗೇ ಆಗುವ ಕತೆಗಳ ಬಗ್ಗೆ, ಮಾತಾಡಿ ಅಂತ ಕರೆದಾಗ ಒಪ್ಪಿಕೊಂಡೆ. ಆ ಕತೆಗಳಲ್ಲಿ ಬರುವ ಒಂದು ಮಾತನ್ನು ನಾನು ವಾರ್ಡಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅದಕ್ಕೇ ಬಂದೆ.

ಕೆಲವು ವರ್ಷದ ಹಿಂದೆ, ನನ್ನ ಮಗ ಪಿಯುಸಿಯಲ್ಲಿದ್ದಾಗ, ‘ದ ವಾಕಿಂಗ್ ಡೆಡ್’ ನೋಡುತ್ತಿದ್ದ. 2010ರಲ್ಲಿ ಅಮೆರಿಕದಲ್ಲಿ ಶುರುವಾದ ಧಾರಾವಾಹಿ. ಊಟದ ತಟ್ಟೆ ಹಿಡಿದು ನಾನೂ ಪಕ್ಕದಲ್ಲಿ ಕೂತೆ. ಮೊದಲನೇ ಕಂತು. ಮಾರ್ಗನ್ ಅನ್ನುವವನು ತನ್ನ ಮಗನ ಜೊತೆ ಒಂದು ಮನೆಯಲ್ಲಿ ಅಡಗಿದ್ದಾನೆ. ಅವನ ಹೆಂಡತಿ ಸತ್ತು, ಎದ್ದು, ಬೀದಿಯಲ್ಲಿ ಅಲೆಯುತ್ತಿದ್ದಾಳೆ. ರಾತ್ರಿ ಬಂದು ಅದೇ ಮನೆಯ ಬಾಗಿಲ ಹಿಡಿ ತಿರುಗಿಸುತ್ತಾಳೆ. ಮಾರನೇ ದಿನ ಅವನು ಮಹಡಿ ಕಿಟಕಿಯಲ್ಲಿ ಬಂದೂಕು ಹಿಡಿದು ನಿಲ್ಲುತ್ತಾನೆ. ಬೇರೆಯವರಿಗೆ ಹೊಡೆಯುತ್ತಾನೆ. ಅವಳು ಗುರಿಗೆ ಸಿಕ್ಕಾಗ ಮಾತ್ರ ಬೆರಳು ಬಗ್ಗುವುದಿಲ್ಲ. ಕೂತು ಅಳುತ್ತಾನೆ.

“ಹೊಡಿಯೋ ಮಾರಾಯ, ಅದು ಈಗ ನಿನ್ ಹೆಂಡ್ತಿ ಅಲ್ಲ” ಅಂದ ನನ್ನ ಮಗ.

ವಾರ್ಡಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ ಅಂದೆನಲ್ಲ, ಆ ಮಾತು ಇದೇ. “ಸಿಸ್ಟರ್, ಅವರು ಈಗ ಅವರಲ್ಲ ಬಿಡಿ.” ಮಗ ಹೇಳುತ್ತಾನೆ, ಸೊಸೆ ಹೇಳುತ್ತಾಳೆ, ದೂರದ ನೆಂಟರು ಇನ್ನೂ ಬೇಗ ಹೇಳುತ್ತಾರೆ. ಮರೆವಿನ ಕಾಯಿಲೆಯ ಅಜ್ಜಿಯ ಬಗ್ಗೆ, ಸ್ಟ್ರೋಕ್ ಆದ ತಂದೆಯ ಬಗ್ಗೆ. ಹೇಳಿದವರೆಲ್ಲ ಕೆಟ್ಟವರಲ್ಲ. ಸುಸ್ತಾಗಿರುತ್ತದೆ, ದುಡ್ಡು ಮುಗಿದಿರುತ್ತದೆ, ನೋಡಲಾಗುವುದಿಲ್ಲ. ಆದರೆ ಈ ಮಾತು ಬಾಯಿಂದ ಹೊರಟ ಮೇಲೆ ಏನೋ ಒಂದು ಸಡಿಲ ಆಗುತ್ತದೆ. ಅಲ್ಲಿಯ ತನಕ ಮಾಡಬಾರದು ಅನ್ನಿಸಿದ್ದು ಮಾಡಬಹುದು ಅನ್ನಿಸುತ್ತದೆ.

ನಮ್ಮ ಭಾಷೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ, ನೋಡಿ. ಕೊನೆಯ ಉಸಿರಿನ ತನಕ ‘ಅವರು’. ಹತ್ತು ನಿಮಿಷ ಬಿಟ್ಟು ಅದೇ ಮನುಷ್ಯ ಬಂದು, “ಬಾಡಿ ಯಾವಾಗ ಕೊಡ್ತೀರಿ?” ಅಂತ ಕೇಳುತ್ತಾರೆ. ‘ಅವರು’ ‘ಅದು’ ಆಗುವುದಕ್ಕೆ ಹತ್ತು ನಿಮಿಷ ಸಾಕು. ಮಗುವನ್ನೂ ನಾವು ‘ಅದು’ ಅಂತೀವಿ, ಅಲ್ವಾ? ಆದರೆ ಅದು ಎತ್ತಿಕೊಳ್ಳುವಾಗ ಬರುವ ‘ಅದು’. ಜಾಂಬಿ ಕತೆಯ ‘ಅದು’ ಕೈ ಬಿಡುವಾಗ ಬರುವಂಥದ್ದು.

ಈ ಕತೆಗಳಲ್ಲಿ ‘ಅದು’ ಅನ್ನುವ ತೀರ್ಮಾನ ಮೊದಲು ಮನೆಯವರಿಂದ ಬರುವುದಿಲ್ಲ. 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಸಿನಿಮಾದಲ್ಲಿ ಅದು ಟಿವಿಯಿಂದ ಬರುತ್ತದೆ. ಇವತ್ತಿನ ಜಾಂಬಿ ಕತೆಗಳೆಲ್ಲ ಹೆಚ್ಚುಕಡಿಮೆ ಜಾರ್ಜ್ ರೊಮೆರೋ ಮಾಡಿದ ಆ ಚಿತ್ರದಿಂದಲೇ ಹುಟ್ಟಿದ್ದು. ಟಿವಿಯಲ್ಲಿ ಒಬ್ಬ ಡಾಕ್ಟರು ಹೇಳುತ್ತಾರೆ: ಅವು ಬರೀ ಸತ್ತ ಮಾಂಸ, ಅಂತ್ಯಕ್ರಿಯೆ ಅಂತ ಕಾಯಬೇಡಿ, ತಕ್ಷಣ ಸುಟ್ಟುಬಿಡಿ. ಅದೇ ಹೊತ್ತಿಗೆ, ಕೆಲವರು ಅಡಗಿ ಕೂತಿರುವ ಮನೆಯ ನೆಲಮಾಳಿಗೆಯಲ್ಲಿ ಕಚ್ಚಿಸಿಕೊಂಡ ಒಬ್ಬ ಪುಟ್ಟ ಹುಡುಗಿ ಮಲಗಿದ್ದಾಳೆ. ಕೊನೆಗೆ ಅವಳು ಎದ್ದು ತನ್ನ ತಾಯಿಯನ್ನೇ ಕರಣೆಯಿಂದ ಚುಚ್ಚಿ ಕೊಲ್ಲುತ್ತಾಳೆ. ತಾಯಿ ಹಿಂದೆ ಸರಿಯುತ್ತಾಳೆ, ಮಗಳ ಮೇಲೆ ಕೈ ಎತ್ತುವುದಿಲ್ಲ.

ಡಾಕ್ಟರು ಹೇಳಿದ್ದೇ ಸರಿ, ತಾಯಿ ತಪ್ಪು ಅನ್ನಿಸುತ್ತದೆ. ಚಿತ್ರ ಅಲ್ಲಿಗೇ ಮುಗಿದಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಬೆಳಗಾಗುತ್ತದೆ. ಬೆನ್ ಅನ್ನುವ ಕಪ್ಪು ಮನುಷ್ಯ ಒಬ್ಬನೇ ಉಳಿದಿದ್ದಾನೆ. ರಾತ್ರಿಯೆಲ್ಲ ಹೋರಾಡಿ ಬದುಕಿದವನು. ಹೊರಗೆ ಬಂದೂಕು ಹಿಡಿದ ಊರಿನ ಗುಂಪು ಬರುತ್ತಿದೆ. ಕಿಟಕಿಯಲ್ಲಿ ಏನೋ ಅಲುಗಾಡಿತು ಅಂತ ದೂರದಿಂದಲೇ ಅವನ ತಲೆಗೆ ಗುಂಡು ಹೊಡೆಯುತ್ತಾರೆ. ಕೊಕ್ಕೆ ಹಾಕಿ ಎಳೆದು ಉಳಿದ ಹೆಣಗಳ ಜೊತೆ ಸುಡುತ್ತಾರೆ. ಯಾರೂ ಕೂಗಿ ಕರೆದು ನೋಡಲಿಲ್ಲ. ಒಂದು ಸಲ ‘ಅವು’ ಅಂತ ಆದ ಮೇಲೆ ಕೂಗಿ ನೋಡುವ ಅಗತ್ಯ ಯಾರಿಗೂ ಕಾಣುವುದಿಲ್ಲ. ನನ್ನ ಕಣ್ಣಿಗೆ ಆ ಚಿತ್ರದ ದೊಡ್ಡ ಭಯ ನೆಲಮಾಳಿಗೆಯದ್ದಲ್ಲ, ಈ ಬೆಳಗಿನದ್ದು.

ನಿಜ ಜೀವನದಲ್ಲಿ ಜಾಂಬಿ ಕತೆಗೆ ತೀರಾ ಹತ್ತಿರದ್ದು ಯಾವುದು ಅಂತ ಕೇಳಿದರೆ ನಾನು ಹುಚ್ಚುನಾಯಿ ರೋಗ ಅಂತೀನಿ. ಕಚ್ಚುವುದರಿಂದ ಬರುತ್ತದೆ. ಮಿದುಳಿಗೆ ಹೋಗುತ್ತದೆ. ಲಕ್ಷಣ ಶುರುವಾದ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬಹುದು. ನೀರು ಕಂಡರೆ ಗಂಟಲು ಬಿಗಿಯುತ್ತದೆ, ಫ್ಯಾನ್ ಗಾಳಿ ತಾಗಿದರೂ ಮೈ ಸೆಟೆಯುತ್ತದೆ. ಕೆಲವರು ಕಿರುಚುತ್ತಾರೆ, ಎದ್ದು ಓಡುತ್ತಾರೆ, ಜೊಲ್ಲು ಸುರಿಯುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಊರಿನಲ್ಲಿ ಅಂಥ ಒಬ್ಬರನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದರು. ಮಕ್ಕಳು ಆ ಕಡೆ ಹೋಗಬಾರದು ಅಂತ ಬೈಯುತ್ತಿದ್ದರು. “ಅವನು ಈಗ ನಾಯಿ” ಅಂತ ದೊಡ್ಡವರು ಮಾತಾಡಿಕೊಂಡದ್ದು ನನಗೆ ಇನ್ನೂ ನೆನಪಿದೆ.

ಮುಂದೆ ವಾರ್ಡಿನಲ್ಲಿ ನಾನೇ ಅಂಥ ರೋಗಿಗಳನ್ನು ನೋಡಿಕೊಂಡೆ. ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಆಗ ಗೊತ್ತಾಯಿತು. ಆ ಸೆಟೆತ ಬಿಟ್ಟ ಮೇಲೆ, ನಡುವೆ ನಡುವೆ, ಅವರಿಗೆ ಪೂರ್ತಿ ಎಚ್ಚರ ಇರುತ್ತದೆ. ಮಾತಾಡುತ್ತಾರೆ. ಒಬ್ಬರು, ನಲವತ್ತರ ಆಸುಪಾಸಿನ ರೈತ, ಹೆಂಡತಿಯನ್ನು ಬಾಗಿಲ ಹತ್ತಿರವೇ ನಿಲ್ಲಿಸಿ, “ಹತ್ರ ಬರಬೇಡ, ನಾನು ಏನಾದ್ರೂ ಮಾಡಿಬಿಟ್ರೆ?” ಅಂದರು. ಆಮೇಲೆ, ಸೊಸೈಟಿ ಸಾಲದ ಚೀಟಿ ಎಲ್ಲಿಟ್ಟಿದ್ದೇನೆ ಅಂತ ಹೇಳಿದರು. ಎಮ್ಮೆಗೆ ಯಾರು ಮೇವು ಹಾಕುತ್ತಿದ್ದಾರೆ ಅಂತ ಕೇಳಿದರು. ಐದು ನಿಮಿಷದ ಮೇಲೆ ಮತ್ತೆ ಸೆಟೆತ ಬಂತು. ಕೊಟ್ಟಿಗೆಯಲ್ಲಿದ್ದ ಆ ಮನುಷ್ಯನೂ ನಡುನಡುವೆ ಎಚ್ಚರವಾಗಿ, ಹೊರಗೆ ಜನ ತನ್ನನ್ನು ನಾಯಿ ಅಂದದ್ದನ್ನು ಕೇಳಿಸಿಕೊಂಡಿರಬೇಕು. ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ಅಂಗಾಂಗ ಕಸಿಯ ಕೆಲವು ಪ್ರಕರಣ ಬಿಟ್ಟರೆ, ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡಿದ್ದು ಇಲ್ಲ ಅನ್ನುವಷ್ಟು ಕಡಿಮೆ. ಆದರೂ ಜನ ಹೆದರುತ್ತಾರೆ. ನಮ್ಮಿಂದ ಆಗುತ್ತಿದ್ದದ್ದು ಇಷ್ಟೇ: ಕೋಣೆ ಕತ್ತಲು ಮಾಡುವುದು, ಫ್ಯಾನ್ ಆರಿಸುವುದು, ನಿದ್ದೆ ಬರುವ ಔಷಧಿ ಕೊಡುವುದು, ಹೆಸರು ಹಿಡಿದು ಕರೆಯುವುದು.

ಅದಕ್ಕೇ ನನಗೆ 2002ರ ‘28 ಡೇಸ್ ಲೇಟರ್’ ತುಂಬಾ ಮುಖ್ಯ ಅನ್ನಿಸುತ್ತದೆ. ಡ್ಯಾನಿ ಬಾಯ್ಲ್ ಅವರ ಈ ಬ್ರಿಟಿಷ್ ಚಿತ್ರದಲ್ಲಿ ಸೋಂಕಿತರು ಸತ್ತವರಲ್ಲ, ಬದುಕಿರುವ ಜನ. ವೈರಸ್ಸು ಅವರೊಳಗೆ ಬರೀ ಸಿಟ್ಟು ತುಂಬುತ್ತದೆ. ಸೆಲಿನಾ ಅನ್ನುವ ಹೆಂಗಸು ತನ್ನ ಜೊತೆಗಾರನಿಗೆ ಸೋಂಕು ತಗುಲಿತು ಅಂತ ಗೊತ್ತಾದ ಕೂಡಲೇ ಮಚ್ಚು ಎತ್ತುತ್ತಾಳೆ. ಅವನು ಬೇಡ ಅನ್ನುತ್ತಿರುವಾಗಲೇ ಮುಗಿಸುತ್ತಾಳೆ. ಆ ರೋಗ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಏರುವಂಥದ್ದು, ಯೋಚನೆಗೆ ಪುರುಸೊತ್ತು ಇಲ್ಲ. ಹೊಸದಾಗಿ ಜೊತೆಯಾದ ಜಿಮ್‌ಗೂ ಅವಳು ಅದನ್ನೇ ಹೇಳುತ್ತಾಳೆ: ನಿನಗೂ ಹೀಗಾದರೆ ಒಂದು ಎದೆಬಡಿತದಷ್ಟೂ ಕಾಯುವುದಿಲ್ಲ.

ಕೊನೆಯ ಹತ್ತಿರ ಜಿಮ್ ಮೈಯೆಲ್ಲ ರಕ್ತ ಮಾಡಿಕೊಂಡು, ಬರಿಗೈಯಲ್ಲಿ ಒಬ್ಬ ಸೈನಿಕನನ್ನು ಭಯಂಕರವಾಗಿ ಕೊಂದು ನಿಲ್ಲುತ್ತಾನೆ. ನೋಡಿದರೆ ಥೇಟ್ ಸೋಂಕಿತನೇ. ಸೆಲಿನಾ ಮಚ್ಚು ಎತ್ತುತ್ತಾಳೆ. ನಿಲ್ಲಿಸುತ್ತಾಳೆ. ಅವನ ಮುಖ ನೋಡುತ್ತಾಳೆ. ಅವನಿಗೆ ಸೋಂಕು ತಗುಲಿರುವುದಿಲ್ಲ. ಒಂದು ಎದೆಬಡಿತಕ್ಕಿಂತ ಜಾಸ್ತಿ ಹೊತ್ತು ತಗೊಂಡೆ ನೀನು, ಅಂತ ಅವನು ಹೇಳುತ್ತಾನೆ. ಅವಳು ತನ್ನ ನಿಯಮದ ಪ್ರಕಾರವೇ ನಡೆದಿದ್ದರೆ ಅವನು ಸತ್ತಿರುತ್ತಿದ್ದ. ಮೊದಲನೇ ಸಲ ಅವಳು ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ಎರಡನೇ ಸಲ ಅವಳು ಮುಖ ನೋಡಿದಳು. ನನಗೆ ಬೇಕಾದದ್ದು ಅಷ್ಟು.

ಹಾಗಾದರೆ ಕಾಯುವುದೇ ಯಾವಾಗಲೂ ಸರಿಯಾ? ಅಲ್ಲ. ಮಾರ್ಗನ್ ಕತೆ ಮುಂದೆ ಏನಾಯಿತು ಅಂತ ಧಾರಾವಾಹಿಯ ಮೂರನೇ ಭಾಗದಲ್ಲಿ ಗೊತ್ತಾಗುತ್ತದೆ. ಅವನು ಹೊಡೆಯದೆ ಬಿಟ್ಟ ಅದೇ ಹೆಂಡತಿ ಒಂದು ದಿನ ಮಗನ ಎದುರಿಗೆ ಬರುತ್ತಾಳೆ. ಹುಡುಗನಿಗೂ ಗುಂಡು ಹಾರಿಸಲು ಆಗುವುದಿಲ್ಲ. ಅವಳು ಕಚ್ಚುತ್ತಾಳೆ. ಅಪ್ಪನ ದಯೆಗೆ ಮಗ ಬೆಲೆ ತೆತ್ತ. ಎರಡನೇ ಭಾಗದಲ್ಲಿ ಹರ್ಷಲ್ ಅನ್ನುವ ರೈತ, ಎದ್ದು ಬಂದ ಹೆಂಡತಿಯನ್ನೂ ನೆರೆಯವರನ್ನೂ ಕೊಟ್ಟಿಗೆಯಲ್ಲಿ ಕೂಡಿಹಾಕಿರುತ್ತಾನೆ. ಅವರಿಗೆ ಕಾಯಿಲೆ, ವಾಸಿಯಾಗುತ್ತದೆ ಅಂತ ನಂಬಿರುತ್ತಾನೆ. ನನಗೆ ಅವನ ಮೇಲೆ ಪ್ರೀತಿ ಇದೆ. ಆದರೆ ಅವನು ಅದನ್ನು ಮುಚ್ಚಿಟ್ಟ. ಅದೇ ಜಮೀನಿನಲ್ಲಿ ಮಲಗುತ್ತಿದ್ದ ಬೇರೆ ಮನೆಯ ಮಕ್ಕಳಿಗೆ ಪಕ್ಕದ ಕೊಟ್ಟಿಗೆಯಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ. ಅಪಾಯವನ್ನು ನನ್ನ ತಲೆಯ ಮೇಲೆ ಹೊತ್ತು ಕಾಯುವುದು ಒಂದು. ಪಕ್ಕದ ಮನೆಯ ಮಗುವಿನ ತಲೆಯ ಮೇಲೆ ಹೊರಿಸಿ ಕಾಯುವುದು ಇನ್ನೊಂದು. ಎರಡನ್ನೂ ಪ್ರೀತಿ ಅಂತಲೇ ಕರೆಯುತ್ತೇವೆ.

ಕೆಲವು ಕತೆಗಳಲ್ಲಿ ಸೋಂಕು ತಗುಲಿದವರೇ ಆ ಭಾರವನ್ನು ತೆಗೆದುಬಿಡುತ್ತಾರೆ. 2016ರ ಕೊರಿಯನ್ ಚಿತ್ರ ‘ಟ್ರೇನ್ ಟು ಬುಸಾನ್’ನಲ್ಲಿ ತಂದೆ ಮಗಳನ್ನು ಸುರಕ್ಷಿತವಾಗಿ ಕೂರಿಸಿ, ತಾನೇ ರೈಲಿನಿಂದ ಕೆಳಗೆ ಬೀಳುತ್ತಾನೆ. ನೋಡಿ ನಾನು ಗಳಗಳ ಅತ್ತೆ. ಆದರೆ ಇಂಥ ಕತೆ ಉಳಿದವರ ಪ್ರಶ್ನೆಯನ್ನು ಬಿಡಿಸುವುದಿಲ್ಲ, ದಾಟಿಹೋಗುತ್ತದೆ.

ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ರೊಮೆರೋ ಅವರ 1978ರ ‘ಡಾನ್ ಆಫ್ ದ ಡೆಡ್’. ರಾಜರ್ ಅನ್ನುವವನಿಗೆ ಜಾಂಬಿ ಕಚ್ಚಿರುತ್ತದೆ. ಸಾಯುವ ಮುಂಚೆ ಗೆಳೆಯ ಪೀಟರ್‌ಗೆ ಹೇಳುತ್ತಾನೆ: ನಾನು ವಾಪಸ್ ಬರುತ್ತೇನೆ ಅಂತ ಖಾತ್ರಿ ಆಗುವ ತನಕ ಹೊಡೆಯಬೇಡ, ಬರದೆ ಇರಲು ನಾನು ಪ್ರಯತ್ನ ಪಡುತ್ತೇನೆ. ಪೀಟರ್ ಬಂದೂಕು ಹಿಡಿದು ಎದುರಿಗೆ ಕೂರುತ್ತಾನೆ. ಗೆಳೆಯ ಸಾಯುತ್ತಾನೆ. ಆಗಲೂ ಕೂತೇ ಇರುತ್ತಾನೆ. ಹೊದಿಕೆ ಸರಿದು ಮುಖ ಕಂಡ ಮೇಲೆ ಹೊಡೆಯುತ್ತಾನೆ. ‘ವಾಕಿಂಗ್ ಡೆಡ್’ನಲ್ಲಿ ಆಂಡ್ರಿಯಾ ಅನ್ನುವವಳೂ ಹೀಗೇ ಮಾಡುತ್ತಾಳೆ. ತಂಗಿಯ ಹೆಣದ ಪಕ್ಕ ರಾತ್ರಿಯಿಂದ ಕೂತಿರುತ್ತಾಳೆ, ಹತ್ತಿರ ಬಂದವರನ್ನು ದೂರ ಕಳಿಸುತ್ತಾಳೆ. ತಂಗಿ ಕಣ್ಣು ಬಿಟ್ಟ ಮೇಲೆ, ನಿನ್ನ ಜೊತೆ ಇರಲಿಲ್ಲ ನಾನು, ಕ್ಷಮಿಸು ಅಂತ ಹೇಳಿ, ಆಮೇಲೆ ಗುಂಡು ಹೊಡೆಯುತ್ತಾಳೆ. ಇಬ್ಬರೂ ಕೊಂದರು. ಆದರೆ ಹತ್ತಿರ ಕೂತು, ಅಪಾಯವನ್ನು ತಾವೇ ಹೊತ್ತು, ಕೊನೆಯ ತನಕ ಮುಖ ನೋಡುತ್ತಲೇ ಇದ್ದು ಕೊಂದರು. ‘ಅದು ಅವನಲ್ಲ’ ಅನ್ನುವ ಮಾತಿನ ಆಸರೆ ಅವರಿಗೆ ಬೇಕಾಗಲಿಲ್ಲ.

ಒಂದು ವೇಳೆ ಮುಂದೆ ಔಷಧಿ ಸಿಕ್ಕರೆ? 2013ರ ಬಿಬಿಸಿ ಧಾರಾವಾಹಿ ‘ಇನ್ ದ ಫ್ಲೆಶ್’ ಈ ಯೋಚನೆಯಿಂದಲೇ ಶುರುವಾಗುತ್ತದೆ. ಇಂಜೆಕ್ಷನ್ ಕೊಟ್ಟರೆ ಎದ್ದು ಬಂದವರಿಗೆ ಬುದ್ಧಿ, ನೆನಪು ಮರಳುತ್ತದೆ. ಅವರನ್ನು ಮನೆಗೆ ಕಳಿಸುತ್ತಾರೆ. ಒಬ್ಬ ಮುದುಕ ಹೀಗೆ ಮರಳಿದ ಹೆಂಡತಿಯನ್ನು ಮನೆಯಲ್ಲಿ ಇಟ್ಟುಕೊಂಡಿರುತ್ತಾನೆ. ನೆರೆಯವನೊಬ್ಬ ಅವಳನ್ನು ಬೀದಿಗೆ ಎಳೆದು, ಗಂಡನ ಕಣ್ಣೆದುರೇ ಗುಂಡಿಟ್ಟು ಕೊಲ್ಲುತ್ತಾನೆ. ಅವಳಿಗೆ ಎಲ್ಲ ಗೊತ್ತಾಗುತ್ತಿತ್ತು. ಆದರೂ ಅವನ ಲೆಕ್ಕದಲ್ಲಿ ಅವಳು ಇನ್ನೂ ‘ಅದು’.

ಈಗ ನಮ್ಮವರೊಬ್ಬರ ವಿಷಯ. ಹೋಲಿಕೆ ಮಾಡುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಅರುಣಾ ಶಾನಭಾಗ್ ಉತ್ತರ ಕನ್ನಡದ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್‌ನಲ್ಲಿ ಅಲ್ಲೇ ಅವರ ಮೇಲೆ ದಾಳಿಯಾಗಿ ಮಿದುಳಿಗೆ ಪೆಟ್ಟಾಯಿತು. ಸುಮಾರು 42 ವರ್ಷ ಹಾಸಿಗೆಯಲ್ಲಿದ್ದರು. ಅವರನ್ನು ಸಾಯಲು ಬಿಡಿ ಅಂತ ಅವರ ಬಗ್ಗೆ ಮರುಗಿದ ಪತ್ರಕರ್ತೆಯೊಬ್ಬರು ಕೋರ್ಟಿಗೆ ಹೋದರು. ಅಲ್ಲಿನ ನರ್ಸ್‌ಗಳು ಬೇಡ ಅಂದರು. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ನರ್ಸ್‌ಗಳ ಮಾತು ಕೇಳಿತು. ಅಷ್ಟು ವರ್ಷದಲ್ಲಿ ಅವರಿಗೆ ಮಲಗಿದಲ್ಲೇ ಮಲಗಿ ಆಗುವ ಹಾಸಿಗೆ ಹುಣ್ಣು ಒಂದೂ ಆಗಿರಲಿಲ್ಲ. ಇದರ ಅರ್ಥ ಏನು ಅಂತ ನರ್ಸ್ ಆದವಳಿಗೆ ಗೊತ್ತು. ದಿನಕ್ಕೆ ಎಷ್ಟೋ ಸಲ ಮಗ್ಗುಲು ಬದಲಿಸಬೇಕು, ಒರೆಸಬೇಕು. ಅದನ್ನು ಮಾಡಿದವರು ಅವರನ್ನು ‘ಅದು’ ಅಂದಿರಲು ಸಾಧ್ಯವಿಲ್ಲ. 2015ರ ಮೇ 18ರಂದು ಅರುಣಾ ತೀರಿಕೊಂಡರು.

ಅವರಿಗೇ ಏನು ಬೇಕಿತ್ತು ಅಂತ ಯಾರೂ ಕೇಳುವ ಹಾಗಿರಲಿಲ್ಲ. ಆ ಪತ್ರಕರ್ತೆಯ ನೋವೂ ನನಗೆ ಅರ್ಥವಾಗುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಬಾಗಿಲು ತೆರೆಯಿತು. ಚೇತರಿಕೆಯ ಆಸೆ ಇಲ್ಲದಾಗ ನನಗೆ ಯಾವ ಚಿಕಿತ್ಸೆ ಬೇಡ ಅಂತ ನಾವು ಮೊದಲೇ ಬರೆದಿಡಬಹುದು. ಆಮೇಲೂ ಒಬ್ಬರೇ ನಿರ್ಧರಿಸುವ ಹಾಗಿಲ್ಲ. ಡಾಕ್ಟರುಗಳ ಎರಡು ಮಂಡಳಿ ನೋಡಬೇಕು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಇದು ಚಿಕಿತ್ಸೆ ನಿಲ್ಲಿಸುವುದು, ಕೊಲ್ಲುವುದಲ್ಲ. ಆದರೂ ಓದುವಾಗ ನನಗೆ ರಾಜರ್, ಪೀಟರ್ ನೆನಪಾದರು. ಮೊದಲೇ ಹೇಳಿದ ಮಾತು, ಆಮೇಲೆ ಅವಸರ ಇಲ್ಲದೆ ನೋಡುವ ಕಣ್ಣು.

ಆ ರಾತ್ರಿ ಕಂತು ಮುಗಿದ ಮೇಲೆ ಮಗ ಕೇಳಿದ, “ಅಮ್ಮಾ, ನನಗೇ ಕಚ್ಚಿದ್ರೆ ಏನ್ ಮಾಡ್ತೀಯ?”

“ಮೊದಲು 15 ನಿಮಿಷ ಸೋಪು ನೀರಲ್ಲಿ ತೊಳೀತೀನಿ” ಅಂದೆ. ನಾಯಿ ಕಚ್ಚಿದರೆ ಮಾಡಬೇಕಾದ ಮೊದಲ ಕೆಲಸ ಅದೇ, ಆಮೇಲೆ ತಡ ಮಾಡದೆ ಲಸಿಕೆ.

“ತೊಳೆದ್ರೂ ಹೋಗಲಿಲ್ಲ ಅಂದ್ರೆ?”

“ಪಕ್ಕದಲ್ಲಿ ಕೂತಿರ್ತೀನಿ.”

“ಎದ್ದು ಬಂದ್ರೆ?”

ಅದನ್ನು ನೀನೇ ಈಗಲೇ ಹೇಳಬೇಕು ಅಂದೆ. ಅವನು ಟಿವಿ ಆರಿಸಿದ. ತುಂಬಾ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ ಹೇಳಿದ. ನನ್ನದನ್ನೂ ಕೇಳಿದ, ನಾನೂ ಹೇಳಿದೆ. ಏನು ಹೇಳಿದೆವು ಅನ್ನುವುದು ನಮ್ಮಿಬ್ಬರಲ್ಲೇ ಇರಲಿ.